ತೊಟ್ಟಿಲ ಹಿಂದಿನ ಗೋಡೆ

ರಾತ್ರಿ ಎರಡೂವರೆ. ಮಗನ ಅಂಗಿ ಮೇಲೆತ್ತಿ, ಮೊಬೈಲಿನಲ್ಲಿ ಒಂದು ನಿಮಿಷದ ಟೈಮರ್ ಇಟ್ಟು, ಹೊಟ್ಟೆ ಏರಿಳಿಯುವುದನ್ನು ಎಣಿಸುತ್ತಾ ಕೂತಿದ್ದೆ. ಮೊದಲ ಸಲ 66 ಬಂತು. ಆಗ ಅಳುತ್ತಿದ್ದ, ಹಾಗಾಗಿ ಅದು ಲೆಕ್ಕಕ್ಕಿಲ್ಲ. ಹೆಗಲ ಮೇಲೆ ಹಾಕಿಕೊಂಡು ಬೆನ್ನು ತಟ್ಟಿ, ಕಣ್ಣು ಮುಚ್ಚಿದ ಮೇಲೆ ಮತ್ತೆ ಎಣಿಸಿದೆ. 58. ಇನ್ನೊಂದು ಸಲ. 58.

ನಾನು ಆಫೀಸಿನಲ್ಲಿ ಲೆಕ್ಕ ಬರೆಯುವವಳು. ಎರಡು ಸಲ ಕೂಡಿದಾಗ ಒಂದೇ ಮೊತ್ತ ಬಂದರೆ ಆಮೇಲೆ ಅದರ ಜೊತೆ ವಾದ ಮಾಡುವುದಿಲ್ಲ. ಗಂಡನನ್ನು ಎಬ್ಬಿಸಿದೆ.

ಉಸಿರು ಎಣಿಸುವುದನ್ನು ನನಗೆ ಹೇಳಿಕೊಟ್ಟದ್ದು ಲಸಿಕೆ ಹಾಕುವ ನರ್ಸ್. "ಕೆಮ್ಮು ಎಷ್ಟು ಜೋರಾಗಿದೆ ಅಂತ ಕೇಳಿಸ್ಕೋತಾ ಕೂರ್ಬೇಡಿ, ಉಸಿರು ಎಣ್ಸಿ" ಅಂದಿದ್ದರು. ಎರಡು ತಿಂಗಳೊಳಗಿನ ಕೂಸಿಗೆ ನಿಮಿಷಕ್ಕೆ 60, ಎರಡು ತಿಂಗಳಿಂದ ವರ್ಷದೊಳಗೆ 50, ಒಂದರಿಂದ ಐದು ವರ್ಷದೊಳಗೆ 40. ಕೆಮ್ಮೋ ಉಸಿರಾಟದ ಕಷ್ಟವೋ ಇರುವ ಮಗುವಿಗೆ ಅಷ್ಟು ಅಥವಾ ಅದಕ್ಕಿಂತ ಜಾಸ್ತಿ ಬಂದರೆ ಡಾಕ್ಟರ ಹತ್ತಿರ ಹೋಗಬೇಕು. ಪೂರ್ತಿ ಒಂದು ನಿಮಿಷ ಎಣಿಸಬೇಕು, ಕಾಲು ನಿಮಿಷ ಎಣಿಸಿ ನಾಲ್ಕರಿಂದ ಗುಣಿಸಬಾರದು. ಮಕ್ಕಳ ಉಸಿರು ಒಂದೇ ಹದದಲ್ಲಿ ಹೋಗುವುದಿಲ್ಲ. ನನ್ನ ಮಗನಿಗೆ ಆಗ ಒಂಬತ್ತು ತಿಂಗಳು.

ಎಣಿಸುವಾಗ ಇನ್ನೊಂದು ಕಣ್ಣಿಗೆ ಬಿತ್ತು. ಉಸಿರು ಎಳೆದಾಗ ಎದೆ ಮೇಲೆ ಬರಬೇಕು ಅಲ್ವಾ? ಅವನಿಗೆ ಪಕ್ಕೆಲುಬಿನ ಕೆಳಗಿನ ಅಂಚು ಒಳಕ್ಕೆ ಹೋಗುತ್ತಿತ್ತು. ಒಳಗಿನಿಂದ ಯಾರೋ ದಾರ ಕಟ್ಟಿ ಎಳೆದ ಹಾಗೆ. ಜ್ವರ ಅಂಥದ್ದೇನೂ ಇರಲಿಲ್ಲ. ಎರಡು ದಿನದ ಹಿಂದೆ ತೋರಿಸಿದ ಕಡೆ "ಶೀತ ಅಷ್ಟೇ" ಎಂದು ಕೆಮ್ಮಿನ ಸಿರಪ್ ಬರೆದುಕೊಟ್ಟಿದ್ದರು. ಬಹುಶಃ ಅವತ್ತು ಅದು ಶೀತವೇ ಆಗಿತ್ತು. ಅಂಗಿ ಎತ್ತಿ ಎದೆ ನೋಡಲಿಲ್ಲ ಅನ್ನೋದು ಮಾತ್ರ ನನಗೆ ಇನ್ನೂ ಬೇಜಾರು.

ಆಸ್ಪತ್ರೆಯಲ್ಲಿ ಬೆರಳಿಗೆ ಕ್ಲಿಪ್ ಹಾಕಿದರು. ಆಕ್ಸಿಜನ್ ಮಟ್ಟ ಶೇಕಡಾ 89, ಇರಬೇಕಾದದ್ದಕ್ಕಿಂತ ಕಡಿಮೆ. ಮೂಗಿಗೆ ಸಣ್ಣ ಕೊಳವೆ, ಕೈಗೆ ಸೂಜಿ, ಆಂಟಿಬಯೋಟಿಕ್. ನ್ಯುಮೋನಿಯಾ. ನಾಲ್ಕು ದಿನ ಅಲ್ಲೇ ಇದ್ದೆವು. ಮಗ ಹುಷಾರಾದ, ಈಗ ಮನೆ ತುಂಬ ಓಡಾಡುತ್ತಿದ್ದಾನೆ. ಅದನ್ನು ಮೊದಲೇ ಹೇಳಿಬಿಡುತ್ತೇನೆ, ಓದುವವರು ಕೊನೆ ತನಕ ಎದೆ ಹಿಡಿದುಕೊಂಡು ಕೂರುವುದು ಬೇಡ.

ನಾನು ಬರೆಯಬೇಕೆಂದಿರುವುದು ಎರಡನೇ ದಿನ ಬೆಳಗ್ಗೆ ಡಾಕ್ಟರ್ ಕೇಳಿದ ಪ್ರಶ್ನೆಗಳ ಬಗ್ಗೆ.

ಅಷ್ಟರಲ್ಲಿ ಮನೆಯವರೆಲ್ಲ ತೀರ್ಪು ಕೊಟ್ಟಾಗಿತ್ತು. ಗಾಳಿ ತಾಗಿದೆ. ಸಂಜೆ ಹೊತ್ತು ಟೋಪಿ ಇಲ್ಲದೆ ಹೊರಗೆ ಎತ್ತಿಕೊಂಡು ಹೋಗಿದ್ದೆ, ಅದಕ್ಕೇ. ಅಪರಾಧಿ ನಾನು. ಅತ್ತೆ ಬಾಯಿಬಿಟ್ಟು ಹೇಳಲಿಲ್ಲ, ಆದರೆ ಟೋಪಿಯನ್ನು ಆಸ್ಪತ್ರೆಗೆ ತಂದಿದ್ದರು.

ಡಾಕ್ಟರ್ ಟೋಪಿ ಬಗ್ಗೆ ಕೇಳಲೇ ಇಲ್ಲ. ಮಗು ಎಲ್ಲಿ ಮಲಗುತ್ತೆ? ಆ ರೂಮಲ್ಲಿ ಎಷ್ಟು ಜನ? ಕಿಟಕಿ ಇದೆಯಾ, ತೆಗೀತೀರಾ? ಅಡುಗೆ ಯಾವುದರಲ್ಲಿ, ಹೊಗೆ ಎಲ್ಲಿಗೆ ಹೋಗುತ್ತೆ? ಗೋಡೆ ಒದ್ದೆ ಇದೆಯಾ? ಮನೇಲಿ ಯಾರಾದರೂ ಸೇದ್ತಾರಾ? ಬೇರೆ ಮಕ್ಕಳು ಇದ್ದಾರಾ, ಅವರಿಗೆ ಕೆಮ್ಮು ಇತ್ತಾ? ಲಸಿಕೆ ಎಲ್ಲಾ ಆಗಿದೆಯಾ?

ಕಾಯಿಲೆ ಬಂದದ್ದು ಮಗುವಿಗೆ, ಡಾಕ್ಟರ್ ಪರೀಕ್ಷೆ ಮಾಡ್ತಿರೋದು ನಮ್ಮ ಮನೆಯನ್ನು ಅನ್ನಿಸಿತು.

ಉತ್ತರಗಳು ಹೀಗಿದ್ದವು. ಒಂದೇ ರೂಮಲ್ಲಿ ನಾಲ್ಕು ಜನ ಮಲಗುತ್ತೇವೆ. ಕಿಟಕಿ ಇದೆ, ಚಳಿ ಶುರುವಾದಾಗಿನಿಂದ ತೆಗೆದಿಲ್ಲ, ಸಂದಿಗೆ ಬಟ್ಟೆ ತುರುಕಿದ್ದೇವೆ. ಅಡುಗೆ ಗ್ಯಾಸಿನಲ್ಲಿ, ಹೊಗೆ ಎಲ್ಲಿಗೆ ಹೋಗುತ್ತೆ ಅಂತ ಯೋಚಿಸಿಲ್ಲ. ಸೇದುವುದು ಗಂಡ, "ಆದ್ರೆ ಬಾಲ್ಕನೀಲಿ ಮಾತ್ರ". ನಾಲ್ಕು ವರ್ಷದ ಮಗಳಿಗೆ ಹತ್ತು ದಿನದಿಂದ ಮೂಗು ಸೋರುತ್ತಿದೆ. ಮಗನಿಗೆ ಲಸಿಕೆ ಎಲ್ಲಾ ಆಗಿದೆ, ನ್ಯುಮೋನಿಯಾ ತರುವ ಒಂದು ಬ್ಯಾಕ್ಟೀರಿಯಾದಿಂದ ಕಾಪಾಡುವ ನ್ಯುಮೋಕಾಕಲ್ ಲಸಿಕೆಯ ಒಂದು ಡೋಸ್ ಬಿಟ್ಟು. ಅವತ್ತು ಸ್ವಲ್ಪ ನೆಗಡಿ ಇತ್ತು ಎಂದು ನಾನೇ ಮುಂದೂಡಿದ್ದೆ, ಆಮೇಲೆ ಮರೆತೆ. ಸಣ್ಣ ನೆಗಡಿಗೆಲ್ಲ ಲಸಿಕೆ ಮುಂದೂಡಬೇಕಾಗಿಲ್ಲ ಎಂದು ಆಗ ಗೊತ್ತಾಯಿತು. ಗೋಡೆ ವಿಷಯಕ್ಕೆ ಆಮೇಲೆ ಬರುತ್ತೇನೆ.

"ಹಾಗಾದ್ರೆ ಹೊರಗಿನ ಚಳಿಗಾಳಿಯಿಂದ ಬಂದಿದ್ದಲ್ವಾ?" ಎಂದು ಗಂಡ ಕೇಳಿದ. ಡಾಕ್ಟರ್ ನಕ್ಕರು. ನ್ಯುಮೋನಿಯಾ ಬರುವುದು ಹೆಚ್ಚಾಗಿ ಬ್ಯಾಕ್ಟೀರಿಯಾದಿಂದ ಅಥವಾ ವೈರಸ್‌ನಿಂದ. ಅದು ಶ್ವಾಸಕೋಶದ ಕೊನೆಯಲ್ಲಿರುವ ಪುಟ್ಟ ಗಾಳಿಚೀಲಗಳಿಗೆ ಇಳಿಯುತ್ತದೆ. ಗಾಳಿ ತುಂಬಬೇಕಾದ ಜಾಗದಲ್ಲಿ ಕೀವು, ನೀರು ತುಂಬುತ್ತದೆ. ಟೋಪಿ ಹಾಕದ ತಲೆಯಿಂದ ರೋಗಾಣು ಹುಟ್ಟುವುದಿಲ್ಲ. ಚಳಿಗಾಲದಲ್ಲಿ ಇದು ಜಾಸ್ತಿ ಯಾಕೆ ಅಂದರೆ, ಒಂದು ಕಾರಣ ನಾವೇ: ಎಲ್ಲರೂ ಬಾಗಿಲು ಕಿಟಕಿ ಹಾಕಿಕೊಂಡು ಒಬ್ಬರು ಬಿಟ್ಟ ಉಸಿರನ್ನು ಇನ್ನೊಬ್ಬರು ಎಳೆದುಕೊಂಡು ಕೂರುತ್ತೇವೆ.

ಅಂದರೆ ಎರಡು ತಿಂಗಳು ನಾವು ಮಗುವನ್ನು ಹೊರಗಿನ ಗಾಳಿಯಿಂದ ಕಾಪಾಡಿದ್ದೆವು. ಒಳಗಿನ ಗಾಳಿ ಹೇಗಿದೆ ಎಂದು ಒಬ್ಬರೂ ನೋಡಿರಲಿಲ್ಲ.

ಆಸ್ಪತ್ರೆಯ ರಾತ್ರಿಗಳು ಉದ್ದ. ಮಗ ಮಲಗಿದ ಮೇಲೆ ಕಾರಿಡಾರಿನಲ್ಲಿ ಕೂತು ಓದಿದೆ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 2019ರಲ್ಲಿ ಐದು ವರ್ಷದೊಳಗಿನ 7,40,180 ಮಕ್ಕಳು ನ್ಯುಮೋನಿಯಾದಿಂದ ಸತ್ತಿದ್ದಾರೆ. ಆ ವಯಸ್ಸಿನಲ್ಲಿ ಸತ್ತ ಮಕ್ಕಳಲ್ಲಿ 14 ಶೇಕಡಾ. ಆ ಹೊತ್ತಿಗೆ ಓದಬಾರದ ಅಂಕಿ. ಅದರ ಪಕ್ಕದಲ್ಲೇ ಇನ್ನೊಂದಿತ್ತು: ಇಂಥ ಸಾವುಗಳಲ್ಲಿ ಹತ್ತಿರ ಹತ್ತಿರ ಅರ್ಧದಷ್ಟಕ್ಕೆ ಮನೆಯೊಳಗಿನ ಹೊಗೆಯ ಪಾಲಿದೆ. ಸೌದೆ, ಇದ್ದಿಲು, ಸಗಣಿ, ಸೀಮೆಎಣ್ಣೆಯಲ್ಲಿ ಅಡುಗೆ ಮಾಡುವವರು ಜಗತ್ತಿನಲ್ಲಿ ಇನ್ನೂ ಸುಮಾರು 210 ಕೋಟಿ. ಆ ಮನೆಗಳಲ್ಲಿ ಒಲೆಯ ಮುಂದೆ ತಾಯಿ, ತಾಯಿಯ ಬೆನ್ನಿಗೋ ಸೊಂಟಕ್ಕೋ ಮಗು.

ಹೊಗೆ ಏನು ಮಾಡುತ್ತದೆ? ನಮ್ಮ ಉಸಿರುನಾಳದ ಒಳಗೋಡೆಯಲ್ಲಿ ಕೂದಲಿನಂಥ ಸಣ್ಣ ಎಳೆಗಳಿವೆ. ಹಗಲು ರಾತ್ರಿ ಪೊರಕೆ ಹಿಡಿದು ಕೆಲಸ ಮಾಡುವ ಹಾಗೆ ಅವು ಧೂಳನ್ನೂ ರೋಗಾಣುವನ್ನೂ ಲೋಳೆಯ ಜೊತೆ ಮೇಲಕ್ಕೆ ತಳ್ಳುತ್ತವೆ. ಹೊಗೆ ಅವುಗಳನ್ನು ಸುಸ್ತು ಮಾಡುತ್ತದೆ. ಒಳಗೆ ಕಾವಲಿರುವ ಜೀವಕೋಶಗಳ ಕೈಯನ್ನೂ ಕಟ್ಟಿಹಾಕುತ್ತದೆ. ದೊಡ್ಡವರು ನಿಮಿಷಕ್ಕೆ 12ರಿಂದ 20 ಸಲ ಉಸಿರಾಡಿದರೆ ಕೂಸು ಅದರ ಎರಡು ಪಟ್ಟಿಗಿಂತ ಜಾಸ್ತಿ ಆಡುತ್ತದೆ. ತನ್ನ ತೂಕಕ್ಕೆ ಹೋಲಿಸಿದರೆ ನಮಗಿಂತ ಎಷ್ಟೋ ಹೆಚ್ಚು ಗಾಳಿ ಎಳೆದುಕೊಳ್ಳುತ್ತದೆ. ನಾಳವೋ ಕಿರಿದು, ಸ್ವಲ್ಪ ಊದಿಕೊಂಡರೂ ದಾರಿ ಮುಚ್ಚುತ್ತದೆ.

ನಮ್ಮದು ಸೌದೆ ಒಲೆಯಲ್ಲ, ನಮಗ್ಯಾಕೆ ಇದೆಲ್ಲ ಅನ್ನಿಸಿತ್ತು. ಮನೆಗೆ ಬಂದ ಮೇಲೆ ಆಫೀಸಿನ ಗೆಳತಿ ತನ್ನ ಮಗಳ ಅಸ್ತಮಾಕ್ಕೆಂದು ತಂದಿದ್ದ ಗಾಳಿ ಅಳೆಯುವ ಪುಟ್ಟ ಮೀಟರ್ ಒಂದು ವಾರಕ್ಕೆ ಕೊಟ್ಟಳು. ಅದು ಪಿಎಂ 2.5 ತೋರಿಸುತ್ತದೆ, ಅಂದರೆ ಕೂದಲಿಗಿಂತ ಎಷ್ಟೋ ಪಟ್ಟು ತೆಳು ಕಣಗಳು. ಒಂದು ದಿನದ ಸರಾಸರಿ ಒಂದು ಘನ ಮೀಟರ್ ಗಾಳಿಯಲ್ಲಿ 15 ಮೈಕ್ರೋಗ್ರಾಂ ದಾಟಬಾರದು ಅನ್ನುವುದು ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹಾಕಿದ ಗೆರೆ. ಬೆಳಗ್ಗೆ ನಮ್ಮ ಹಾಲ್‌ನಲ್ಲಿ 34. ಬಾಣಲೆ ಬಿಸಿಯಾಗಿ ಎಣ್ಣೆ ಹೊಗೆಯಾಡತೊಡಗಿದಾಗ 310. ಗ್ಯಾಸ್ ಆರಿಸಿದ ಒಂದು ಗಂಟೆಯ ಮೇಲೂ ಇನ್ನೂರರ ಹತ್ತಿರ. ಮಾರನೇ ದಿನ ಅದೇ ಅಡುಗೆ, ಎಕ್ಸಾಸ್ಟ್ ಫ್ಯಾನ್ ಹಾಕಿ, ಎದುರಿನ ಕಿಟಕಿ ತೆಗೆದು ಮಾಡಿದೆ. ಅರ್ಧ ಗಂಟೆಯಲ್ಲಿ ಇಳಿಯಿತು. ಫ್ಯಾನ್ ಇತ್ತು, ಏಳು ವರ್ಷದಿಂದ ಇತ್ತು. ಶಬ್ದ ಮಾಡುತ್ತದೆ ಎಂದು ಹಾಕುತ್ತಿರಲಿಲ್ಲ, ಅಷ್ಟೇ.

ಆಮೇಲೆ ಮೀಟರನ್ನು ಬಾಲ್ಕನಿ ಬಾಗಿಲ ಹತ್ತಿರ, ಒಳಗಡೆ ಇಟ್ಟೆ. ಗಂಡ ಹೊರಗೆ ನಿಂತು ಒಂದು ಸಿಗರೇಟು ಮುಗಿಸಿ ಬಂದ. ಬಾಗಿಲು ಸ್ವಲ್ಪ ವಾರೆಯಾಗಿತ್ತು. 36 ಇದ್ದದ್ದು 90 ದಾಟಿತು. ನಾನು ಏನೂ ಹೇಳಲಿಲ್ಲ, ಮೀಟರನ್ನು ಅವನ ಕಡೆ ತಿರುಗಿಸಿದೆ. ಅಂಗಿಗೆ, ಬೆರಳಿಗೆ, ಗಡ್ಡಕ್ಕೆ ಅಂಟಿಕೊಂಡು ಒಳಗೆ ಬರುವುದನ್ನು ಆ ಮೀಟರ್ ತೋರಿಸುವುದಿಲ್ಲ. ಅದು ಬೇರೆಯೇ ಲೆಕ್ಕ. ಅಪ್ಪ ಅಮ್ಮ ಸೇದುವ ಮನೆಯ ಮಕ್ಕಳಿಗೆ ಎದೆಯ ಸೋಂಕು ಜಾಸ್ತಿ ಅನ್ನುವುದು ಹಳೆಯ ವಿಷಯ, ಬಸುರಿಯಿದ್ದಾಗಿನ ಹೊಗೆಯೂ ಅದರಲ್ಲಿ ಸೇರುತ್ತದೆ.

ಇಷ್ಟು ಹೊತ್ತು ಮೇಲುಗೈ ನನ್ನದೇ ಇತ್ತು. ಅವತ್ತು ರಾತ್ರಿ ಎಂದಿನಂತೆ ಸೊಳ್ಳೆ ಕಾಯಿಲ್ ಹಚ್ಚಿದೆ. ಕಿಟಕಿ ಮುಚ್ಚಿದ ರೂಮು, ನಾಲ್ಕು ಜನ, ಒಂದು ಕಾಯಿಲ್. ಮೀಟರ್ ಮಂಚದ ಪಕ್ಕದಲ್ಲೇ ಇತ್ತು. ಅಂಕಿ ಏರಿದ ವೇಗ ನೋಡಿ ಎದ್ದು ನೀರಿಗೆ ಅದ್ದಿ ಆರಿಸಿದೆ. ಆಮೇಲೆ ಹುಡುಕಿದರೆ 2003ರ ಒಂದು ಅಧ್ಯಯನ ಸಿಕ್ಕಿತು. ಒಂದು ಕಾಯಿಲ್ ಪೂರ್ತಿ ಉರಿದರೆ ಬರುವ ಪಿಎಂ 2.5 ಕಣಗಳ ತೂಕ, 75ರಿಂದ 137 ಸಿಗರೇಟು ಉರಿಸಿದಷ್ಟು. ಗಂಡನ ಒಂದು ಸಿಗರೇಟಿಗೆ ಮುಖ ಊದಿಸಿಕೊಂಡಿದ್ದ ನಾನೇ ದಿನಾ ರಾತ್ರಿ ತೊಟ್ಟಿಲಿನಿಂದ ಮೂರಡಿ ದೂರದಲ್ಲಿ ಅದನ್ನು ಹಚ್ಚುತ್ತಿದ್ದೆ. ಈ ಸಾಲನ್ನು ಅವನಿಗೆ ಓದಿ ಹೇಳಲು ಎರಡು ದಿನ ತೆಗೆದುಕೊಂಡೆ. ಈಗ ಸೊಳ್ಳೆಪರದೆ ಕಟ್ಟುತ್ತೇವೆ. ಕಟ್ಟುವ ಕೆಲಸ ಅವನದು.

ಈಗ ಗೋಡೆ.

ಮಗನ ತೊಟ್ಟಿಲು ಇದ್ದದ್ದು ಬಚ್ಚಲುಮನೆಗೆ ಅಂಟಿಕೊಂಡ ಮೂಲೆಯಲ್ಲಿ. ಕಿಟಕಿಯಿಂದ ದೂರ, ಗಾಳಿ ಬಾರದ ಜಾಗ ಎಂದು ಹುಡುಕಿ ಹುಡುಕಿ ಆರಿಸಿದ್ದು. ಡಾಕ್ಟರ್ ಕೇಳಿದಾಗ "ಗೋಡೆ ಚೆನ್ನಾಗಿದೆ" ಎಂದೇ ಹೇಳಿದ್ದೆ, ಸುಳ್ಳು ಹೇಳಬೇಕೆಂದಲ್ಲ. ಮನೆಗೆ ಬಂದು ತೊಟ್ಟಿಲು ಎಳೆದರೆ ಹಿಂದೆ ನೆಲದಿಂದ ಮೊಣಕಾಲೆತ್ತರದವರೆಗೆ ಕಪ್ಪು. ಹತ್ತಿರ ಹೋದರೆ ಅದು ಒಂದೇ ಕಲೆಯಲ್ಲ, ಸಾಸಿವೆಯಷ್ಟು ಸಣ್ಣ ಸಣ್ಣ ಚುಕ್ಕಿಗಳು ಒಂದಕ್ಕೊಂದು ಕೂಡಿಕೊಂಡಿದ್ದವು. ಬೂಷ್ಟು. ಬಣ್ಣ ಹಪ್ಪಳದ ಹಾಗೆ ಎದ್ದಿತ್ತು, ಉಗುರು ತಾಗಿಸಿದರೆ ಗಾರೆ ಒದ್ದೆ ಮರಳಾಗಿ ಉದುರಿತು. ಹಳೇ ಒದ್ದೆ ಗೋಣಿಚೀಲದ ವಾಸನೆ. ಇಷ್ಟು ದಿನ ಆ ವಾಸನೆ ಮಗುವಿನ ಹಾಸಿಗೆಯದ್ದು ಅಂದುಕೊಂಡು ಹಾಸಿಗೆ ಒಗೆದೂ ಒಗೆದೂ ಅದೇ ರೂಮಲ್ಲಿ ಹಗ್ಗ ಕಟ್ಟಿ ಒಣಗಿಸುತ್ತಿದ್ದೆ. ಒಣಗುವ ಬಟ್ಟೆಯ ನೀರೆಲ್ಲ ಎಲ್ಲಿಗೆ ಹೋಗಬೇಕು? ಕಿಟಕಿ ಮುಚ್ಚಿದೆ. ಗೋಡೆಗೇ ಹೋಯಿತು.

ಬೂಷ್ಟು, ತೇವ ಇರುವ ಮನೆಗಳಲ್ಲಿ ಕೆಮ್ಮು, ಉಬ್ಬಸ, ಉಸಿರಾಟದ ಸೋಂಕು ಜಾಸ್ತಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲೇ ಬರೆದಿದೆ. ಹಾಗೆಂದು ನನ್ನ ಮಗನ ನ್ಯುಮೋನಿಯಾ ಆ ಗೋಡೆಯಿಂದಲೇ ಬಂತು ಎಂದು ನಾನು ಹೇಳುವುದಿಲ್ಲ. ಡಾಕ್ಟರೂ ಹೇಳಲಿಲ್ಲ. ಆದರೂ ಆ ಚುಕ್ಕಿಗಳನ್ನು ನೋಡಿದಾಗ ಆದ ಸಂಕಟ ಆಸ್ಪತ್ರೆಯ 89 ನೋಡಿದಾಗ ಆದದ್ದಕ್ಕಿಂತ ಕಡಿಮೆಯಿರಲಿಲ್ಲ.

ಇಲ್ಲೇ ನನಗೆ ತುಂಬ ಯೋಚನೆಗೆ ಹಚ್ಚಿದ ಸಂಗತಿ ಒಂದಿದೆ. ಒಲೆ ಬದಲಾಯಿಸಿದರೆ ಮಕ್ಕಳ ನ್ಯುಮೋನಿಯಾ ಕಡಿಮೆಯಾಗುತ್ತದಾ ಎಂದು ದೊಡ್ಡ ಪ್ರಯೋಗಗಳು ನಡೆದಿವೆ. ಗ್ವಾಟೆಮಾಲಾದಲ್ಲಿ ತೆರೆದ ಬೆಂಕಿಯ ಬದಲು ಚಿಮಣಿ ಇರುವ ಒಲೆ ಕೊಟ್ಟು ನೋಡಿದರು. 2011ರಲ್ಲಿ ಫಲಿತಾಂಶ ಬಂತು. ತೀವ್ರ ನ್ಯುಮೋನಿಯಾ ಕಡಿಮೆಯಾಗಿತ್ತು, ಆದರೆ ಒಟ್ಟು ನ್ಯುಮೋನಿಯಾದಲ್ಲಿ ಖಚಿತ ಅನ್ನುವಷ್ಟು ಇಳಿಕೆ ಕಾಣಲಿಲ್ಲ. ಮಲಾವಿಯಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಮಕ್ಕಳನ್ನು ಸೇರಿಸಿಕೊಂಡು ಕಡಿಮೆ ಹೊಗೆಯ ಸೌದೆ ಒಲೆ ಕೊಟ್ಟರು. 2017ರ ಫಲಿತಾಂಶ: ವ್ಯತ್ಯಾಸವಿಲ್ಲ. ಗ್ವಾಟೆಮಾಲಾ, ಭಾರತ, ಪೆರು, ರುವಾಂಡಾ ನಾಲ್ಕೂ ಕಡೆ ಗ್ಯಾಸ್ ಒಲೆಯನ್ನೇ ಕೊಟ್ಟು ನೋಡಿದ ಪ್ರಯೋಗದ ಫಲಿತಾಂಶ 2024ರಲ್ಲಿ ಬಂತು. ಹೊಗೆ ಚೆನ್ನಾಗಿಯೇ ಇಳಿದಿತ್ತು. ಕೂಸುಗಳ ತೀವ್ರ ನ್ಯುಮೋನಿಯಾ ಅಷ್ಟಾಗಿ ಇಳಿದಿರಲಿಲ್ಲ.

ಹಾಗಾದರೆ ಹೊಗೆ ನಿರಪರಾಧಿಯಾ? ಅಲ್ಲ. ನನ್ನ ಕೆಲಸದಲ್ಲಿ ಇದು ಮಾಮೂಲಿ. ವರ್ಷದ ಕೊನೆಗೆ ಲೆಕ್ಕ ತಾಳೆಯಾಗದಿದ್ದರೆ ಹೊಸಬರು ಒಂದು ದೊಡ್ಡ ತಪ್ಪು ಹುಡುಕುತ್ತಾ ಹೋಗುತ್ತಾರೆ. ಹದಿನೈದು ವರ್ಷದಲ್ಲಿ ನಾನು ನೋಡಿದ ಹಾಗೆ ಅಲ್ಲಿರುವುದು ಆರೇಳು ಸಣ್ಣ ತಪ್ಪು. ಒಂದನ್ನು ಸರಿ ಮಾಡಿದರೆ ಮೊತ್ತ ಕೂಡಲೇ ಸರಿಹೋಗುವುದಿಲ್ಲ, ಹಾಗಂತ ಅದು ತಪ್ಪೇ ಅಲ್ಲ ಅಂತಲೂ ಅಲ್ಲ. ಒಲೆ ಬದಲಾದರೂ ರೂಮು ಅಷ್ಟೇ ಇಕ್ಕಟ್ಟು, ಪಕ್ಕದ ಮನೆಯ ಹೊಗೆ ಹಾಗೇ, ಅಣ್ಣ ಅಕ್ಕಂದಿರ ಕೆಮ್ಮು ಹಾಗೇ, ಬಿಟ್ಟುಹೋದ ಲಸಿಕೆ ಹಾಗೇ. ನಮ್ಮ ಮನೆಯಲ್ಲಿ ಎಲ್ಲರೂ ಒಬ್ಬ ಅಪರಾಧಿಗಾಗಿ ಹುಡುಕಿದ್ದೆವು: ಮೊದಲು ನನ್ನ ಟೋಪಿ, ಆಮೇಲೆ ಅವನ ಸಿಗರೇಟು, ಆಮೇಲೆ ಗೋಡೆ.

ಈ ಸಾಲಿನಲ್ಲಿ ಯಾರೂ ಬೈಯದೆ ಬಿಟ್ಟದ್ದು ಮಗಳನ್ನು. ನಿಜ ಹೇಳಬೇಕೆಂದರೆ ರೋಗಾಣುವನ್ನು ಮನೆಗೆ ಕೈಹಿಡಿದು ಕರೆತಂದದ್ದು ಅವಳೇ ಇರಬಹುದು. ಪ್ಲೇಸ್ಕೂಲಿನಿಂದ ಬಂದವಳೇ ತಮ್ಮನ ಕೆನ್ನೆ ಹಿಂಡಿ ಮುತ್ತು ಕೊಡುತ್ತಾಳೆ. ನ್ಯುಮೋನಿಯಾ ತರುವ ಬ್ಯಾಕ್ಟೀರಿಯಾ ಎಷ್ಟೋ ಮಕ್ಕಳ ಮೂಗು ಗಂಟಲಲ್ಲಿ ಅವರಿಗೇನೂ ಮಾಡದೆ ಸುಮ್ನೆ ಕೂತಿರುತ್ತದೆ. ಅಕ್ಕ ತಮ್ಮನನ್ನು ದೂರ ಇಡೋಕಾಗುತ್ತಾ? ಆಗಲ್ಲ, ಆಗಲೂಬಾರದು. ಮೊದಲು ಸೋಪಿನಲ್ಲಿ ಕೈ ತೊಳೆ, ಆಮೇಲೆ ತಮ್ಮ, ಇಷ್ಟೇ ನಿಯಮ. ಕರಾಚಿಯಲ್ಲಿ ನಡೆದು 2005ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ, ಸೋಪು ಕೊಟ್ಟು ಕೈ ತೊಳೆಯುವುದನ್ನು ರೂಢಿ ಮಾಡಿಸಿದ ಮನೆಗಳಲ್ಲಿ ಐದು ವರ್ಷದೊಳಗಿನ ಮಕ್ಕಳ ನ್ಯುಮೋನಿಯಾ ಅರ್ಧಕ್ಕೆ ಇಳಿದಿತ್ತು. ಬರೀ ಸೋಪು! ಇದನ್ನು ಓದಿದಾಗ ನಾನೊಮ್ಮೆ ಎದ್ದು ಹೋಗಿ ಕೈ ತೊಳೆದು ಬಂದೆ.

ಹಾಲಿನ ವಿಷಯದಲ್ಲಿ ಮಾತ್ರ ನನಗೆ ಪೂರ್ತಿ ಅಂಕ ಸಿಕ್ಕಿತು, ಆರು ತಿಂಗಳು ಎದೆಹಾಲು ಬಿಟ್ಟು ಬೇರೇನೂ ಕೊಟ್ಟಿರಲಿಲ್ಲ. ಅಷ್ಟಾದರೂ ಸಿಕ್ಕಿತಲ್ಲ.

ಈಗ ಏನೇನು ಬದಲಾಗಿದೆ? ತೊಟ್ಟಿಲು ಕಿಟಕಿ ಇರುವ ಕಡೆಗೆ ಬಂದಿದೆ. ಬೆಳಗ್ಗೆ ಸಂಜೆ ಎರಡು ಕಿಟಕಿ ಎದುರಾಬದುರಾ ಹದಿನೈದು ನಿಮಿಷ ತೆಗೆಯುತ್ತೇವೆ. ಮಗುವಿಗೆ ಬೆಚ್ಚಗೆ ಹೊದಿಸಿ, ಗಾಳಿಯನ್ನು ಮಾತ್ರ ಬದಲಾಯಿಸುವುದು. ಕೆಳಗೆ ಯಾರಾದರೂ ಕಸ ಸುಡುತ್ತಿದ್ದರೆ ಆ ಹೊತ್ತಿಗೆ ತೆಗೆಯುವುದಿಲ್ಲ. ಬಾಣಲೆ ಇಟ್ಟಾಗ ಮಗ ಅಡುಗೆಮನೆಯಲ್ಲಿರುವ ಹಾಗಿಲ್ಲ. ಬಟ್ಟೆ ಬಾಲ್ಕನಿಯಲ್ಲಿ ಒಣಗುತ್ತದೆ. ಸೇದಲು ಜಾಗವೇ ಇಲ್ಲ ಎಂದು ಗಂಡ ಗೊಣಗಿದ, ಆಮೇಲೆ ಕೆಳಗಿಳಿದು ಹೋಗತೊಡಗಿದ, ಮೂರು ಮಹಡಿ ಹತ್ತಿಳಿಯುವ ಬೇಜಾರಿಗೋ ಏನೋ ದಿನಕ್ಕೆ ಎಂಟಿದ್ದದ್ದು ಎರಡಕ್ಕೆ ಬಂದಿದೆ. ಬಿಟ್ಟಿಲ್ಲ. ಬಿಟ್ಟ ಅಂತ ಇಲ್ಲಿ ಬರೆದರೆ ಚೆನ್ನಾಗಿರುತ್ತಿತ್ತು. ಬಿಟ್ಟುಹೋದ ಲಸಿಕೆ ಆಯಿತು. ಅತ್ತೆ ಈಗಲೂ ಕಿಟಕಿ ಮುಚ್ಚುತ್ತಾರೆ, ನಾನು ತೆಗೆಯುತ್ತೇನೆ. ಅವರು ಮಗುವಿಗೆ ಟೋಪಿ ಹಾಕುತ್ತಾರೆ, ಅದನ್ನು ನಾನು ತೆಗೆಯುವುದಿಲ್ಲ.

ಮಗ ಕೆಮ್ಮಿದರೆ ಅಂಗಿ ಎತ್ತಿ ಎಣಿಸುವುದು ಅಭ್ಯಾಸವಾಗಿಬಿಟ್ಟಿದೆ. ಉಸಿರಿನ ಜೊತೆಗೆ ನೋಡುವುದು ಇಷ್ಟು: ಎದೆ ಒಳಕ್ಕೆ ಹೋಗುತ್ತಾ, ಹಾಲು ಕುಡಿಯೋಕಾಗ್ತಿಲ್ಲವಾ, ಕುಡಿದದ್ದೆಲ್ಲ ವಾಂತಿಯಾಗುತ್ತಾ, ಎಬ್ಬಿಸಿದರೂ ಏಳುತ್ತಿಲ್ಲವಾ, ಫಿಟ್ಸ್ ಏನಾದರೂ ಬಂತಾ, ತುಟಿ ನೀಲಿಯಾಗಿದೆಯಾ. ಒಂದು ಹೌದಾದರೂ ಬೆಳಗಾಗಲಿ ಎಂದು ಕಾಯುವ ಹಾಗಿಲ್ಲ, ಸೀದಾ ಆಸ್ಪತ್ರೆ. ಪುಣ್ಯಕ್ಕೆ ಆಮೇಲೆ ಹಾಗಾಗಿಲ್ಲ.

ಗೋಡೆಯನ್ನು ಕೆರೆದು, ಒಣಗಿಸಿ, ಬಣ್ಣ ಹೊಡೆಸಿದೆವು. ಆದರೆ ಒಳಗಿನ ಪೈಪ್ ಸೋರುವುದನ್ನು ನಿಲ್ಲಿಸದೆ ಬಣ್ಣ ಹೊಡೆದರೆ ಏನಾಗುತ್ತದೆ ಎಂದು ಊಹಿಸಿ. ನಾಲ್ಕು ತಿಂಗಳಿಗೆ ಅಂಗೈಯಗಲ ಕಲೆ ವಾಪಸ್ ಬಂತು. ಅದರ ಸುತ್ತ ಪೆನ್ಸಿಲಿನಲ್ಲಿ ಗೆರೆ ಎಳೆದು ಪಕ್ಕದಲ್ಲಿ ತಾರೀಕು ಬರೆದಿದ್ದೇನೆ, ಬೆಳೆಯುತ್ತಿದೆಯಾ ಇಲ್ಲವಾ ಗೊತ್ತಾಗಲಿ ಎಂದು. ಈ ವಾರ ಅದು ಗೆರೆ ದಾಟಿದೆ. ಪ್ಲಂಬರ್ ನಾಳೆ ಬರ್ತೀನಿ ಅಂದಿದ್ದಾನೆ. ಹಾಗೆ ಅನ್ನುತ್ತಿರುವುದು ಇದು ಮೂರನೇ ಸಲ.